ಮನೆಯಂಗಳದ ತೊಟ್ಟಿಯಲ್ಲಿ ಕೆರೆಯ ನೈದಿಲೆ

ಪಟ್ಟಣದ ಮನೆಗಳ ಮುಂದೆ ನಾಲ್ಕು ಗಜ ನೆಲವಿದ್ದರೆ ಅಲ್ಲಿ ಗುಲಾಬಿ, ಕ್ರೋಟನ್, ಕಾಗದದ ಹೂ ಇವು ನೆಲೆಸುವುದು ಈಗಿನ ರೂಢಿ. ಕಣ್ಣಿಗೆ ಇವು ಚೆಂದವೇ, ಇಲ್ಲವೆನ್ನಲಾಗದು. ಆದರೆ ಬಿಸಿಲೇರುವ ಹೊತ್ತಿನಲ್ಲಿ ಆ ಗಿಡಗಳ ಬಳಿ ಅರ್ಧ ಗಂಟೆ ನಿಂತು ನೋಡಿದವರಿಗೆ, ಅಲ್ಲಿಗೆ ಜೇನ್ನೊಣ ಬರುವುದು ಎಷ್ಟು ಅಪರೂಪವೆಂಬುದು ತಿಳಿಯುತ್ತದೆ. ಎಸಳಿನ ಮೇಲೆ ಎಸಳು ಹೊದಿಸಿದ ಗುಲಾಬಿ ತಳಿಗಳಲ್ಲಿ ಕೇಸರಗಳೇ ಎಸಳುಗಳಾಗಿ ಮಾರ್ಪಟ್ಟಿರುತ್ತವೆ. ಕೇಸರವಿಲ್ಲದ ಮೇಲೆ ಪರಾಗವೆಲ್ಲಿಯದು? ಹಸಿದು ಬಂದ ಜೇನು ಸಿಂಗಾರದ ಅಂಗಡಿಯನ್ನು ಕಂಡು ಹಿಂದಿರುಗುತ್ತದೆ.

ಜೇನು, ದುಂಬಿ, ಚಿಟ್ಟೆಗಳಿಗೆ ಉಣಿಸಾಗುವಂತೆ ಊರಿನದೇ ಹೂಗಿಡಗಳನ್ನು ಆರಿಸಿ ಬೆಳೆಸುವ ಪದ್ಧತಿ ಈಚೆಗೆ ಅನೇಕ ದೇಶಗಳಲ್ಲಿ ಹರಡಿದೆ. ಅಲ್ಲಿನವರು ತಮ್ಮ ಜೌಗುನೆಲದ ಕಾಡುಹೂಗಳನ್ನು ಕೈತೋಟಕ್ಕೆ ತರುತ್ತಾರೆ. ನಾವು ಯಾವುದನ್ನು ತರಬೇಕು? ಹಾಸನದ ಸೀಮೆಯವರನ್ನು ಕೇಳಿದರೆ ಉತ್ತರ ದೂರವಿಲ್ಲ. ಕೆರೆಯ ನೈದಿಲೆ ಇದೆ. ಅದನ್ನು ಮನೆಯ ತೊಟ್ಟಿಯಲ್ಲಿ ಬೆಳೆಸುವ ಬಗೆಯನ್ನೂ, ಅದಕ್ಕಿಂತ ಮೊದಲು ಸಾಚಾ ನೈದಿಲೆ ಯಾವುದೆಂದು ಗುರುತಿಸುವ ಬಗೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ. ಗುರುತಿಸುವುದರಲ್ಲಿ ತಪ್ಪಿದರೆ ಬೆಳೆಸಿದ ಶ್ರಮವೆಲ್ಲ ವ್ಯರ್ಥ. ಕೆಲವೊಮ್ಮೆ ಕೇಡೂ ಉಂಟು.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ದೊಡ್ಡಗದ್ದವಳ್ಳಿ ಸಿಕ್ಕುತ್ತದೆ. ವಿಷ್ಣುವರ್ಧನನ ಕಾಲದಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿಯ ಗುಡಿ ಅಲ್ಲಿಯದು. ನಾಲ್ಕು ಗರ್ಭಗುಡಿಗಳ ಆ ಚತುಷ್ಕೂಟವನ್ನು ನೋಡಲು ಬಂದವರು ಶಿಖರಗಳನ್ನು ನೋಡುತ್ತಾರೆ, ಕಾಳಿಯ ಗುಡಿಯ ಬಾಗಿಲ ಬೇತಾಳಗಳನ್ನು ನೋಡುತ್ತಾರೆ. ಗುಡಿಯ ಮಗ್ಗುಲಲ್ಲೇ ಇರುವ ಕೆರೆಯ ಕಡೆಗೆ ತಿರುಗುವವರು ಕಡಮೆ. ಹೊಯ್ಸಳರ ನಾಡಿನಲ್ಲಿ ಗುಡಿಯೂ ಕೆರೆಯೂ ಅಕ್ಕತಂಗಿಯರು. ಹಳೇಬೀಡಿಗೆ ದೋರಸಮುದ್ರವೆಂಬ ಹೆಸರು ಬಂದುದೇ ಕೆರೆಯಿಂದ. ಶಾಸನಗಳನ್ನು ಓದಿದವರಿಗೆ ಕೆರೆ ಕಟ್ಟಿಸಿದವರ, ಕೆರೆಗೆ ದತ್ತಿ ಬಿಟ್ಟವರ ಹೆಸರುಗಳು ಹೆಜ್ಜೆ ಹೆಜ್ಜೆಗೂ ಸಿಕ್ಕುತ್ತವೆ. ಕೆರೆಯೊಳಗಿನ ಹೂವಿಗೆ ಯಾರೂ ದತ್ತಿ ಬಿಟ್ಟಂತಿಲ್ಲ. ಅದು ತಾನಾಗಿ ಬಂದದ್ದು, ತಾನಾಗಿ ಉಳಿದದ್ದು.

ಹೇಗೆ ಉಳಿಯಿತೆಂಬುದನ್ನು ಸ್ವಲ್ಪ ವಿವರಿಸಬೇಕು. ಚನ್ನರಾಯಪಟ್ಟಣದ ಕಡೆಯ ಕೆರೆಗಳು ಮಳೆ ಕೈಕೊಟ್ಟ ವರ್ಷ ಬೇಸಗೆಗೆ ಮುಂಚೆಯೇ ಬತ್ತಿ, ನೆಲ ಬಿರುಕು ಬಿಡುತ್ತದೆ. ಆಗ ನೈದಿಲೆಯ ಎಲೆ ಹೂ ಎಲ್ಲವೂ ಕರಗಿ ಹೋಗುತ್ತವೆ. ಆದರೆ ಅದರ ಸಣ್ಣ ಗೆಡ್ಡೆ ಕೆಸರಿನ ಒಡಲಲ್ಲಿ ನಿದ್ರಿಸುತ್ತಿರುತ್ತದೆ. ಮುಂಗಾರಿನ ನೀರು ತುಂಬಿತೆಂದರೆ ಕೆಲವೇ ವಾರಗಳಲ್ಲಿ ಎಲೆ ಮೇಲೇಳುತ್ತದೆ. ಬರಗಾಲವನ್ನು ತಡೆಯಬಲ್ಲ ಈ ಗೆಡ್ಡೆಗೆ ತಡೆಯಲಾಗದ್ದು ಒಂದಿದೆ. ಅದು ಹೂಳೆತ್ತುವ ಯಂತ್ರ. ಹಿಂದೆ ರೈತರು ಬೇಸಗೆಯಲ್ಲಿ ಗಾಡಿಗಟ್ಟಲೆ ಗೋಡುಮಣ್ಣನ್ನು ಹೊಲಕ್ಕೆ ಹೊಡೆಯುತ್ತಿದ್ದರು. ಒಂದು ಮೂಲೆಯಲ್ಲಿ ಅಗೆದರೆ ಇನ್ನೊಂದು ಮೂಲೆ ಉಳಿಯುತ್ತಿತ್ತು. ಈಗ ಕೆರೆಯ ಅಭಿವೃದ್ಧಿಯೆಂದರೆ ಎಷ್ಟೋ ಕಡೆ ಇಡೀ ಅಂಗಳವನ್ನು ಒಂದೇ ಸಲಕ್ಕೆ ಬಾಣಲೆಯಂತೆ ಕೆರೆದು, ಅಂಚಿಗೆ ಕಲ್ಲು ಜೋಡಿಸಿ, ಮೇಲೆ ನಡೆಯುವ ದಾರಿ ಮಾಡುವುದು. ನೀರೇನೋ ಹೆಚ್ಚು ನಿಲ್ಲುತ್ತದೆ, ಅದು ಬೇಕಾದದ್ದೇ. ಆದರೆ ಗೆಡ್ಡೆಗಳೆಲ್ಲ ಹೂಳಿನೊಡನೆ ಲಾರಿ ಹತ್ತುತ್ತವೆ; ಗಿಡ ಬೇರೂರುವ ತಗ್ಗುನೀರಿನ ಅಂಚೂ ಉಳಿಯುವುದಿಲ್ಲ. ಅಂತಹ ಕೆರೆಯಲ್ಲಿ ಮಳೆ ಎಷ್ಟು ಬಂದರೂ ನೈದಿಲೆ ಮರಳಬೇಕಾದರೆ ಬೇರೆಲ್ಲಿಂದಲೋ ಬೀಜ ಬರಬೇಕು. ಒಂದೊಂದು ಊರಿನಲ್ಲಿ ಹತ್ತು ಮನೆಗಳ ತೊಟ್ಟಿಯಲ್ಲಿ ಆ ಊರಿನದೇ ನೈದಿಲೆ ಇದ್ದರೆ ಆ ಬೀಜಕ್ಕೆ ಒಂದು ಆಶ್ರಯವಿದ್ದಂತೆ.

ಇನ್ನು ಹೆಸರಿನ ವಿಚಾರ. ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡಿದವರಿಗೆ ಉತ್ಪಲ, ಕುವಲಯ, ಇಂದೀವರ, ಕುಮುದ, ಕೈರವ ಇವೆಲ್ಲ ನಾಲಗೆಯ ತುದಿಯಲ್ಲಿರುತ್ತವೆ. ಕನ್ನಡದಲ್ಲಿ ನೈದಿಲೆ, ಕನ್ನೈದಿಲೆ ಎನ್ನುತ್ತೇವೆ; ತಮಿಳರ ನೆಯ್ದಲ್ ಇದರ ಒಡಹುಟ್ಟು. ತರಗತಿಯಲ್ಲಿ ಇವನ್ನೆಲ್ಲ ಪರ್ಯಾಯಪದಗಳೆಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ನಮ್ಮ ಅಧ್ಯಾಪಕವರ್ಗದ ವಾಡಿಕೆ. ಕೆರೆಯ ದಡದಲ್ಲಿ ನಿಂತರೆ ಇವು ಪರ್ಯಾಯವಲ್ಲವೆಂಬುದು ತಿಳಿಯುತ್ತದೆ. ಬಿಳಿಯ ಕುಮುದವು ಚಂದ್ರನನ್ನು ಕಂಡು ಅರಳುತ್ತದೆಂದು ಕವಿಗಳು ಹೇಳಿದ್ದು ಬರಿಯ ಸಮಯವಲ್ಲ. ಸಂಜೆ ಕವಿದ ಮೇಲೆ ಅರಳಿ ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುವ ನೈದಿಲೆಯ ಜಾತಿ ನಿಜವಾಗಿಯೂ ಉಂಟು. ಶಾಸ್ತ್ರಜ್ಞರು ಅದನ್ನು ನಿಂಫಿಯಾ ಪ್ಯೂಬೆಸೆನ್ಸ್ ಎನ್ನುತ್ತಾರೆ. ಅದರ ಎಲೆಯ ಅಂಚು ಗರಗಸದಂತೆ ಹಲ್ಲುಹಲ್ಲಾಗಿದ್ದು, ಎಲೆಯ ಕೆಳಮೈ ನವಿರಾದ ರೋಮದಿಂದ ಕೂಡಿರುತ್ತದೆ. ಅಮಾವಾಸ್ಯೆಯ ರಾತ್ರಿಯೂ ಅದು ಅರಳುತ್ತದೆನ್ನಿ. ಅಷ್ಟರಮಟ್ಟಿಗೆ ಕವಿಗಳು ಚಂದ್ರನಿಗೆ ದಾಕ್ಷಿಣ್ಯ ತೋರಿದರು.

ಹಗಲಿನದು ಇನ್ನೊಂದು. ನಿಂಫಿಯಾ ನೌಚಾಲಿ ಎಂದು ಬರ್ಮನ್ ಎಂಬ ಡಚ್ ಸಸ್ಯಶಾಸ್ತ್ರಜ್ಞ 1768ರಲ್ಲಿ ಇದಕ್ಕೆ ಹೆಸರಿಟ್ಟ. ಹೂವು ಬಿಳಿಯಿಂದ ತಿಳಿನೀಲಿಯವರೆಗೆ, ಎಲೆಯ ಅಂಚು ನುಣುಪು, ಇಲ್ಲವೆ ಮೆಲ್ಲಗೆ ಅಲೆಯಲೆ, ಚೂಪಾದ ಹಲ್ಲಿಲ್ಲ. ಬೆಳಗಿನ ಬಿಸಿಲಿಗೆ ಅರಳಿ ಮಧ್ಯಾಹ್ನ ಕಳೆದ ಮೇಲೆ ಮುಚ್ಚುತ್ತದೆ. ಜೇನು ಹಗಲಿನಲ್ಲಿ ದುಡಿಯುವ ಜೀವ. ಆದುದರಿಂದ ಜೇನಿಗಾಗಿ ಬೆಳೆಸುವವರು ಈ ಹಗಲು ನೈದಿಲೆಯನ್ನೇ ಆರಿಸತಕ್ಕದ್ದು.

ತಾವರೆಯನ್ನೇಕೆ ಬೇಡವೆಂದಿರಿ ಎಂದು ಕೆಲವರು ಕೇಳಬಹುದು. ತಾವರೆಯ ಬೇರುಗಾಂಡ ಹರಡುವ ವೇಗಕ್ಕೆ ತೊಟ್ಟಿ ಸಾಲದು. ಅದರ ವಿಷಯವೇ ಬೇರೊಂದು ಲೇಖನವಾದೀತು. ದುಂಬಿ ತಾವರೆಯಲ್ಲಿ ಇರುಳೆಲ್ಲ ಸೆರೆಯಾಗುವುದನ್ನು ನಮ್ಮವರು ಬಹಳ ಹಿಂದೆಯೇ ಗಮನಿಸಿದ್ದರು. ಆ ಹೂವು ತನ್ನ ಒಡಲನ್ನು ತಾನೇ ಬಿಸಿಯಾಗಿರಿಸಿಕೊಳ್ಳುತ್ತದೆಂದೂ, ಹೊರಗೆ 10 ಡಿಗ್ರಿಯ ಚಳಿಯಿದ್ದರೂ ಹೂವಿನೊಳಗೆ 30 ಡಿಗ್ರಿಗೂ ಮೇಲೆ ಇರುತ್ತದೆಂದೂ ಆಸ್ಟ್ರೇಲಿಯದ ಅಡಿಲೇಡ್ ಸಸ್ಯೋದ್ಯಾನದಲ್ಲಿ ಅಳೆದು 1996ರಲ್ಲಿ ಪ್ರಕಟಿಸಿದರು. ಸೆರೆಯಾದ ದುಂಬಿಗೆ ಬೆಚ್ಚನೆಯ ಹಾಸಿಗೆಯೂ ಇತ್ತೆಂಬುದು ಕವಿಗಳಿಗೆ ತಿಳಿದಿದ್ದರೆ ಇನ್ನೆಷ್ಟು ಪದ್ಯಗಳಾಗುತ್ತಿದ್ದುವೋ!

ನೈದಿಲೆಯ ಹೆಸರಿನಲ್ಲಿ ಎರಡು ವೇಷಧಾರಿಗಳಿವೆ. ಮೊದಲನೆಯದು ಕೆರೆಗಳನ್ನು ತುಂಬಿಕೊಂಡಿರುವ ಐಕಾರ್ನಿಯಾ. ಊದಿದ ತೊಟ್ಟು, ಗೊಂಚಲಾಗಿ ಬಿಡುವ ನಸುನೇರಳೆ ಹೂವು, ಮೇಲಿನ ಎಸಳಿನ ಮೇಲೆ ಹಳದಿ ಕಣ್ಣು. ನೋಡಿದ ಮಕ್ಕಳು ಇದನ್ನೇ ಕಿತ್ತು ಮನೆಗೆ ತರುತ್ತಾರೆ. ಜನ ಇದನ್ನೂ ಅಂತರಗಂಗೆ ಎನ್ನುವುದುಂಟು. ನಿಜವಾದ ಅಂತರಗಂಗೆ ಎಲೆಕೋಸಿನ ಸಸಿಯಂತೆ ತೇಲುವ ಬೇರೊಂದು ಗಿಡ. ಐಕಾರ್ನಿಯಾ ದಕ್ಷಿಣ ಅಮೆರಿಕದಿಂದ ಬಂದ ಪರದೇಶಿ. ಬೇರನ್ನು ನೆಲಕ್ಕೂರದೆ ತೇಲುತ್ತ, ಮರಿಗೆ ಮರಿ ಹಾಕಿ, ನೀರಿನ ಮೇಲೆ ಚಾಪೆ ಹಾಸಿಬಿಡುತ್ತದೆ. ಕೆಳಗೆ ಬೆಳಕು ಇಳಿಯದೆ ನೈದಿಲೆ ಸಾಯುತ್ತದೆ. ಇದನ್ನು ಅಲಂಕಾರಕ್ಕೆಂದು ತೊಟ್ಟಿಯಲ್ಲಿ ಸಾಕಿ, ಹೆಚ್ಚಾದುದನ್ನು ಚರಂಡಿಗೋ ಕೆರೆಗೋ ಎಸೆಯುವುದು ದೊಡ್ಡ ಅನ್ಯಾಯ.

ಎರಡನೆಯ ವೇಷಧಾರಿ ಇನ್ನೂ ನಯವಂತ. ಸಸ್ಯಗಳನ್ನು ಮಾರುವ ಅಂಗಡಿಯಲ್ಲಿ ನೈದಿಲೆ ಕೊಡಿರೆಂದರೆ ಬಹುಪಾಲು ಕೈಗೆ ಬರುವುದು ಬೇರೆ ಖಂಡಗಳ ಜಾತಿಗಳನ್ನು ಬೆರಸಿ ಮಾಡಿದ ಮಿಶ್ರತಳಿ. ಹೂವು ದೊಡ್ಡದು, ಬಣ್ಣ ಗಾಢ ನೇರಳೆ, ಎಸಳುಗಳು ಒತ್ತೊತ್ತು. ಶ್ರೀಲಂಕಾದವರು 1986ರಲ್ಲಿ ತಮ್ಮ ನೀಲ ನೈದಿಲೆಯನ್ನು ರಾಷ್ಟ್ರಪುಷ್ಪವೆಂದು ಸಾರಿದರು. ಆದರೆ ಚಿತ್ರಗಳಲ್ಲಿ ಅಚ್ಚಾಗುತ್ತ ಬಂದುದು, ಕೊಳಗಳಲ್ಲಿ ಬೆಳೆಯುತ್ತ ಹೋದುದು ಇಂತಹದೇ ನೇರಳೆಯ ಮಿಶ್ರತಳಿಯೆಂದು ಪೇರಾದೆನಿಯ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞರು ತೋರಿಸಿಕೊಡಬೇಕಾಯಿತು. ಒಂದು ದೇಶಕ್ಕೇ ಆದ ಭ್ರಮೆ ನಮಗೆ ಆಗುವುದರಲ್ಲಿ ಆಶ್ಚರ್ಯವಿಲ್ಲ. ಪರೀಕ್ಷೆಗೆ ಒಂದು ಸುಲಭೋಪಾಯ ಹೇಳುತ್ತೇನೆ. ಎಲೆಯೂ ತೊಟ್ಟೂ ಕೂಡುವ ಹೊಕ್ಕುಳನ್ನು ನೋಡಿ. ಅಲ್ಲಿ ಮರಿಗಿಡ ಮೂಡಿದ್ದರೆ ಅದರಲ್ಲಿ ಆಫ್ರಿಕದ ರಕ್ತವಿದೆಯೆಂದು ತಿಳಿಯಬೇಕು. ನಮ್ಮ ಕೆರೆಯ ನೈದಿಲೆ ಎಲೆಯ ಮೇಲೆ ಹೆರುವುದಿಲ್ಲ. ಮರಿ ಕಾಣಲಿಲ್ಲವೆಂದ ಮಾತ್ರಕ್ಕೆ ಸಾಚಾ ಎಂದು ನಂಬಲೂ ಆಗದು; ಮರಿಹಾಕದ ಮಿಶ್ರತಳಿಗಳೂ ಹೇರಳ. ಹೂವಿನ ಬಣ್ಣ ತಿಳಿಯಾಗಿದ್ದು ಎಸಳುಗಳು ಮಿತವಾಗಿದ್ದರೆ, ಗಿಡ ಬಂದ ಕೆರೆಯನ್ನು ನೀವೇ ಕಣ್ಣಾರೆ ಕಂಡಿದ್ದರೆ ನಂಬಬಹುದು.

ಈ ಹೂವು ಜೇನಿನೊಡನೆ ನಡೆಸುವ ವ್ಯವಹಾರ ವಿಚಿತ್ರವಾದದ್ದು. ಒಂದೊಂದು ಹೂವೂ ಮೂರು ದಿನಗಳ ಆಸುಪಾಸು ಬಾಳುತ್ತದೆ. ದಿನವೂ ಅರಳಿ ಮುಚ್ಚುತ್ತದೆ. ಮೊದಲ ದಿನ ಅದು ಹೆಣ್ಣು. ನಟ್ಟನಡುವೆ ಬಟ್ಟಲಿನಂತಹ ಶಲಾಕಾಗ್ರವಿದ್ದು, ಅದರಲ್ಲಿ ತಿಳಿಯಾದ ದ್ರವ ತುಂಬಿರುತ್ತದೆ. ಸುತ್ತ ಕೇಸರಗಳು ನೆಟ್ಟಗೆ ನಿಂತಿರುತ್ತವೆ, ಆದರೆ ಪರಾಗ ಇನ್ನೂ ಬಿಚ್ಚಿರುವುದಿಲ್ಲ. ಬೇರೆ ಹೂವಿನ ಪರಾಗವನ್ನು ಮೈಗೆ ಮೆತ್ತಿಕೊಂಡ ನೊಣ ಇಲ್ಲಿಯೂ ಪರಾಗ ಸಿಕ್ಕೀತೆಂದು ಇಳಿದು, ನುಣುಪಾದ ಕೇಸರಗಳ ಮೇಲಿಂದ ಜಾರಿ ಬಟ್ಟಲಿಗೆ ಬೀಳುತ್ತದೆ. ಮೈಯ ಪರಾಗ ತೊಳೆದು ತಳಕ್ಕಿಳಿಯುತ್ತದೆ. ಹೂವಿನ ಕಾರ್ಯ ಸಾಧಿಸಿತು. ನೊಣ ಈಜಿ ಮೇಲೆದ್ದರೆ ಅದರ ಪುಣ್ಯ. ಸಣ್ಣ ನೊಣಗಳು ಒಮ್ಮೊಮ್ಮೆ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನ ಬಟ್ಟಲು ಒಣಗಿ, ಒಳಗಿನ ಕೇಸರಗಳು ಅದರ ಮೇಲೆ ಬಾಗಿ ಮುಚ್ಚಳವಾಗುತ್ತವೆ. ಆಗ ಹೂವು ಗಂಡು. ಹಳದಿ ಪರಾಗ ಧಾರಾಳ. ಬಂದವರಿಗೆಲ್ಲ ಊಟ, ಬೀಳುವ ಭಯವಿಲ್ಲ.

ಇದರಿಂದ ಬೆಳೆಸುವವರಿಗೆ ಒಂದು ಪಾಠವುಂಟು. ತೊಟ್ಟಿಯಲ್ಲಿ ಒಂದೇ ಗಿಡವಿದ್ದು ಒಮ್ಮೆಗೆ ಒಂದೇ ಹೂವು ಬಿಟ್ಟರೆ, ಮೊದಲ ದಿನದ ಹೂವಿಗೆ ಪರಾಗ ತರುವ ಇನ್ನೊಂದು ಹೂವು ಹತ್ತಿರದಲ್ಲಿ ಇರುವುದಿಲ್ಲ. ಎರಡು ಮೂರು ಗಿಡಗಳಿರಬೇಕು. ನೆರೆಮನೆಯಲ್ಲಿಯೂ ಇದ್ದರೆ ಇನ್ನೂ ಲೇಸು. ಇನ್ನೊಂದು ಮಾತು: ನೈದಿಲೆ ಕೊಡುವುದು ಮುಖ್ಯವಾಗಿ ಪರಾಗವನ್ನು, ಮಕರಂದಕ್ಕೆ ಇದನ್ನು ನೆಚ್ಚಬಾರದು. ಮಕರಂದ ಜೇನಿಗೆ ಅನ್ನವಾದರೆ ಪರಾಗ ಬೇಳೆ. ಮರಿಗಳ ಬೆಳವಣಿಗೆಗೆ ಅದೇ ಆಧಾರ. ನಮ್ಮ ಜಿಲ್ಲೆಯ ಪಡುವಣದಲ್ಲಿ ಸಕಲೇಶಪುರ, ಬೇಲೂರು, ಆಲೂರಿನ ಕಾಫಿ ತೋಟಗಳಿವೆ. ಅಲ್ಲಿನ ರೊಬಸ್ಟಾ ಗಿಡ ಕಾಯಿ ಕಚ್ಚಲು ಬೇರೆ ಗಿಡದ ಪರಾಗ ಬೇಕೇ ಬೇಕು. ಕಾಫಿ ಹೂವಾದರೋ ವರ್ಷದಲ್ಲಿ ಕೆಲವೇ ದಿನ. ಉಳಿದ ತಿಂಗಳುಗಳಲ್ಲಿ ಹೆಜ್ಜೇನು, ತುಡುವೆ, ಕೋಲುಜೇನು, ನಸರಿ ಇವೆಲ್ಲ ಎಲ್ಲಿ ಉಣ್ಣಬೇಕು? 1991ರಿಂದೀಚೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಗೂಡುಗಳನ್ನು ಬಹಳವಾಗಿ ಹಾಳುಗೆಡವಿತು. ಉಣಿಸಿಲ್ಲದೆ ಸೊರಗಿದ ಗೂಡಿಗೆ ರೋಗವನ್ನು ತಡೆಯುವ ತ್ರಾಣವೂ ಕಡಮೆ.

ಈಗ ಕೆಲಸಕ್ಕೆ ಬರೋಣ. ತೊಟ್ಟಿ ಎರಡೂವರೆ ಮೂರು ಅಡಿ ಅಗಲ, ಒಂದೂವರೆ ಎರಡು ಅಡಿ ಆಳವಿದ್ದರೆ ಸಾಕು. ದನಕ್ಕೆ ನೀರಿಡುತ್ತಿದ್ದ ಹಳೆಯ ಕಲ್ಲುಬಾನಿ ಮೂಲೆಯಲ್ಲಿ ಬಿದ್ದಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಸಿಮೆಂಟಿನ ತೊಟ್ಟಿಯಾದರೆ ಹೊಸದರಲ್ಲಿ ಸುಣ್ಣ ಬಿಡುತ್ತದೆ. ಎರಡು ಮೂರು ವಾರ ನೀರು ತುಂಬಿ ಚೆಲ್ಲಿ, ತುಂಬಿ ಚೆಲ್ಲಿ, ಆಮೇಲೆ ಉಪಯೋಗಿಸಬೇಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಆಗಬೇಕು. ಮಾವಿನ ಮರದ ನೆರಳಿನಲ್ಲಿಟ್ಟರೆ ಎಲೆ ಬರುತ್ತದೆ, ಹೂವು ಬರುವುದಿಲ್ಲ.

ತಳಕ್ಕೆ ಗದ್ದೆಯ ಜೇಡಿಮಣ್ಣು ಆರು ಅಂಗುಲ ಹಾಕಬೇಕು. ಕುಂಡದ ಗಿಡಗಳಿಗೆ ಹಾಕುವ ಎಲೆಗೊಬ್ಬರ, ತೆಂಗಿನ ನಾರಿನ ಪುಡಿ ಇವು ಬೇಡ. ತೇಲಿ ಬಂದು ನೀರನ್ನು ಕೆಡಿಸುತ್ತವೆ. ಹಸಿ ಸಗಣಿಯಂತೂ ಸಲ್ಲದು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಒಂದು ಹಿಡಿ, ಮಣ್ಣಿನುಂಡೆಯೊಳಗೆ ಕಟ್ಟಿ ತಳದಲ್ಲಿ ಹುದುಗಿಸಿದರೆ ಸಾಕು. ಗೆಡ್ಡೆಯನ್ನು ಕುಡಿ ಮೇಲೆ ಕಾಣುವಂತೆ ನೆಟ್ಟು, ಸುತ್ತ ಒಂದಂಗುಲ ದಪ್ಪ ಮರಳು ಹರಡಬೇಕು. ಆಗ ಮಣ್ಣು ಕದಡುವುದಿಲ್ಲ. ಮೊದಲಿಗೆ ನೀರು ನಾಲ್ಕೈದು ಅಂಗುಲ ಮಾತ್ರ. ಎಲೆಯ ತೊಟ್ಟು ಉದ್ದವಾದಂತೆ ನೀರನ್ನೂ ಏರಿಸುತ್ತ ಒಂದಡಿಗೆ ತರಬಹುದು. ನಲ್ಲಿಯ ನೀರಾದರೆ ಒಂದು ದಿನ ಬಿಸಿಲಿನಲ್ಲಿಟ್ಟು ಹೊಯ್ಯುವುದು ಮೇಲು. ನೆಡುವ ಕಾಲ ಮುಂಗಾರಿನ ಆರಂಭ. ಹಾಸನ ಸಮುದ್ರಮಟ್ಟದಿಂದ 3000 ಅಡಿಗೂ ಮೇಲಿರುವ ಊರಾದ್ದರಿಂದ ಮಾಗಿಯ ಚಳಿಯಲ್ಲಿ ಗಿಡ ಮಂದವಾಗುತ್ತದೆ. ಆಗ ಗಾಬರಿಪಟ್ಟು ಗೊಬ್ಬರ ಸುರಿಯಬಾರದು.

ಗೆಡ್ಡೆ ಎಲ್ಲಿಂದ ತರಬೇಕೆಂಬುದು ಮುಖ್ಯ. ಗುಡಿಯ ಕೆರೆಗೆ ಕೈ ಹಾಕಬೇಡಿ. ಪರಿಚಯದ ರೈತರ ಹೊಂಡದಲ್ಲೋ ಗದ್ದೆಯ ಮಗ್ಗುಲ ಗುಂಡಿಯಲ್ಲೋ ನೈದಿಲೆ ತುಂಬಿದ್ದರೆ, ಕೇಳಿ ಒಂದೆರಡು ಗೆಡ್ಡೆ ತರಬಹುದು. ಹೊಳೆನರಸೀಪುರ, ಅರಕಲಗೂಡಿನ ನಾಲೆಯ ನೀರಿನ ಸೀಮೆಯಲ್ಲಿ ಇಂತಹ ಗುಂಡಿಗಳು ಸಿಕ್ಕುವುದು ಕಷ್ಟವಲ್ಲ. ಹೂಳೆತ್ತುವ ಕೆಲಸ ನಡೆಯುತ್ತಿರುವ ಕೆರೆಯಿದ್ದರೆ ಅಲ್ಲಿಯವರನ್ನು ಕೇಳಿ ಎತ್ತಿಹಾಕಿದ ಹೂಳಿನ ರಾಶಿಯನ್ನೇ ಕೆದಕಬಹುದು. ಹೇಗಿದ್ದರೂ ಲಾರಿ ಹತ್ತುವ ಗೆಡ್ಡೆ ಅದು.

ತೊಟ್ಟಿಯೆಂದೊಡನೆ ಮನೆಯ ಹೆಂಗಸರು ಮೊದಲು ಕೇಳುವ ಪ್ರಶ್ನೆ ಸೊಳ್ಳೆಯದು. ಕೇಳತಕ್ಕದ್ದೇ. ಡೆಂಗಿಯನ್ನು ಹರಡುವ ಸೊಳ್ಳೆ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಮೀನಿಲ್ಲದ ತೊಟ್ಟಿಯನ್ನು ಇಡಲೇಬಾರದು. ನಮ್ಮ ಹಳ್ಳಕೊಳ್ಳಗಳಲ್ಲಿ ನೀರಿನ ಮೇಲ್ಮೈಯಲ್ಲಿಯೇ ಸುಳಿದಾಡುವ, ನೆತ್ತಿಯ ಮೇಲೆ ಹೊಳೆಯುವ ಚುಕ್ಕೆಯುಳ್ಳ ಪುಟ್ಟ ಮೀನೊಂದಿದೆ. ಐದಾರು ಬಿಟ್ಟರೆ ಒಂದು ಮರಿಸೊಳ್ಳೆಯನ್ನೂ ಉಳಿಸುವುದಿಲ್ಲ. ಅಂಗಡಿಯ ಗಪ್ಪಿಯೂ ಈ ಕೆಲಸ ಮಾಡುತ್ತದೆ, ಆದರೆ ಅದು ಹೊರದೇಶದ್ದು. ತೊಟ್ಟಿಯ ನೀರನ್ನು ಚೆಲ್ಲುವಾಗ ಚರಂಡಿಯ ಮೂಲಕ ಕೆರೆ ಸೇರದಂತೆ ನೋಡಿಕೊಳ್ಳಬೇಕು. ಎಲೆಯ ಮೇಲೆ ಕಪ್ಪು ಹೇನು ಕಂಡರೆ ಔಷಧ ಹೊಡೆಯಬೇಡಿ. ನೀರು ಎರಚಿ ಉದುರಿಸಿದರೆ ಮೀನು ತಿನ್ನುತ್ತದೆ. ಇಮಿಡಾಕ್ಲೋಪ್ರಿಡ್ ಮುಂತಾದ ವಿಷಗಳು ಪರಾಗದವರೆಗೂ ಏರಿ ಜೇನನ್ನು ಕೊಲ್ಲುತ್ತವೆಂದೇ ಯೂರೋಪಿನ ಒಕ್ಕೂಟದವರು 2018ರಲ್ಲಿ ಬಯಲಿನ ಬೆಳೆಗೆ ಅದನ್ನು ಬಳಸಕೂಡದೆಂದು ನಿಷೇಧಿಸಿದರು. ಜೇನನ್ನು ಊಟಕ್ಕೆ ಕರೆದು ತಟ್ಟೆಗೆ ವಿಷವಿಡಲಾದೀತೆ?

ಜೇನು ಹೂವಿಲ್ಲದ ದಿನವೂ ತೊಟ್ಟಿಗೆ ಬರುತ್ತದೆ. ಬೇಸಗೆಯಲ್ಲಿ ಗೂಡನ್ನು ತಂಪಾಗಿಡಲು ಅದಕ್ಕೆ ನೀರು ಬೇಕು. ಬರಿಯ ಬಕೆಟ್ಟಿನಲ್ಲಾದರೆ ಬಿದ್ದು ಸಾಯುತ್ತದೆ. ತೇಲುವ ನೈದಿಲೆಯ ಎಲೆ ಅದಕ್ಕೆ ಕೂರುವ ಮಣೆ. ತೊಟ್ಟಿಯ ಅಂಚಿಗೆ ಒಂದು ಕಲ್ಲಿಟ್ಟು ಅದರ ಮೇಲೆ ಹಸಿಮಣ್ಣಿನಲ್ಲಿ ನೀರುಬ್ರಾಹ್ಮಿ ಹಬ್ಬಿಸಿದರೆ ಅದರ ನಸುಬಿಳಿ ಪುಟ್ಟ ಹೂಗಳು ಸಣ್ಣ ನೊಣಗಳನ್ನು ಕರೆಯುತ್ತವೆ. ನಾವು ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿಯೆನ್ನುವುದರಿಂದ ಕೊಳ್ಳುವಾಗ ಗೊಂದಲವಾಗುತ್ತದೆ. ಒಂದೆಲಗದ ಎಲೆ ದುಂಡಗೆ, ಕುದುರೆಯ ಗೊರಸಿನಂತೆ; ನೀರುಬ್ರಾಹ್ಮಿಯದು ಚಿಕ್ಕದು, ದಪ್ಪ, ಜೋಡಿಜೋಡಿ. ಅಂಗಳ ದೊಡ್ಡದಿದ್ದು ಒಂದು ಮೂಲೆ ಸದಾ ಒದ್ದೆಯಾಗಿದ್ದರೆ ಅಲ್ಲಿ ಕೆರೆಯಂಚಿನ ಕೋಕಿಲಾಕ್ಷವನ್ನು ಬೆಳೆಸಬಹುದು. ಗೆಣ್ಣುಗೆಣ್ಣಿಗೆ ಉದ್ದನೆಯ ಮುಳ್ಳು, ನಡುನಡುವೆ ನೇರಳೆಯ ತುಟಿಬಿರಿದ ಹೂವು. ಮಳೆಗಾಲ ಮುಗಿಯುತ್ತಿದ್ದಂತೆ ಜೇನು ಅದನ್ನು ಬಿಟ್ಟು ಕದಲುವುದಿಲ್ಲ, ಕೆಲವು ಚಿಟ್ಟೆಗಳ ಹುಳುಗಳಿಗೆ ಅದರ ಎಲೆಯೇ ಆಹಾರ. ಮಕ್ಕಳಿರುವ ಮನೆಯಲ್ಲಿ ಮಾತ್ರ ಆ ಮುಳ್ಳನ್ನು ನೆನೆದು ನೆಡಬೇಕು.

ಜೇನು ಬಂದುಹೋದ ಗುರುತು ಹೂವು ಮುಚ್ಚಿದ ಮೇಲೆ ತಿಳಿಯುತ್ತದೆ. ಕಾಯಿಕಟ್ಟಿದ ಹೂವಿನ ತೊಟ್ಟು ಬಾಗಿ ನೀರಿನೊಳಕ್ಕೆ ಇಳಿಯುತ್ತದೆ. ಕಾಯಿ ಬಲಿಯುವುದು ನೀರಿನಡಿಯಲ್ಲಿ. ಬಲಿತಾಗ ಒಡೆದು ಬೀಜಗಳು ಮೇಲಕ್ಕೆ ತೇಲಿ ಬರುತ್ತವೆ. ಒಂದೊಂದು ಬೀಜಕ್ಕೂ ಗಾಳಿ ತುಂಬಿದ ತೆಳುಪೊರೆಯಿರುವುದರಿಂದ ಸ್ವಲ್ಪ ಹೊತ್ತು ತೇಲಿ, ಪೊರೆ ಕರಗಿದೊಡನೆ ಮುಳುಗುತ್ತವೆ. ಕೆರೆಯಲ್ಲಿ ಅದು ಊರು ಬಿಟ್ಟು ಊರಿಗೆ ಹೋಗುವ ದೋಣಿ. ತೊಟ್ಟಿಯಲ್ಲಿ ನಾವೇ ಹಿಡಿಯಬೇಕು. ಕಾಯಿ ಮೆತ್ತಗಾಗುವ ಮೊದಲೇ ತೆಳುಬಟ್ಟೆಯ ಚೀಲವೊಂದನ್ನು ಅದಕ್ಕೆ ಕಟ್ಟಿಬಿಟ್ಟರೆ ಒಡೆದಾಗ ಬೀಜವೆಲ್ಲ ಅದರಲ್ಲಿ ಉಳಿಯುತ್ತದೆ. ಸಾಸಿವೆಗಿಂತಲೂ ಸಣ್ಣ ಬೀಜ. ಅಗಲವಾದ ತಟ್ಟೆಯಲ್ಲಿ ಕೆಸರು ಹರಡಿ, ಬೀಜ ಉದುರಿಸಿ, ಎರಡಂಗುಲ ನೀರು ನಿಲ್ಲಿಸಿ ಬಿಸಿಲಿನಲ್ಲಿಟ್ಟರೆ ಮೊದಲು ಹುಲ್ಲಿನೆಳೆಯಂತಹ ಎಲೆ, ಆಮೇಲೆ ನೀರಿನೊಳಗೇ ಬಾಣದ ಮೊನೆಯಂತಹ ಎಲೆ, ಕೊನೆಗೆ ತೇಲುವ ದುಂಡೆಲೆ ಬರುತ್ತದೆ. ತೇಲುವ ಎಲೆ ಎರಡಾದ ಮೇಲೆ ಕಿತ್ತು ಸಣ್ಣ ಡಬ್ಬಿಗಳಿಗೆ ಬದಲಾಯಿಸಿ, ಮಿಕ್ಕವನ್ನು ಯಾರಿಗೆ ಕೊಟ್ಟಿರೋ ಅವರಿಗೆ ಯಾವ ಕೆರೆಯ ಬೀಜವೆಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.